ಬೋರ್ಡ್ ತೆಗೆದುಬಿಡಿ ಅಮ್ಮ

ನಮ್ಮ ಮನೆ ಕಮ್ಮನಹಳ್ಳಿಯಲ್ಲಿದೆ. ಮೂವತ್ತು ನಲವತ್ತರ ಸೈಟು. ಕೆಳಗೆ ಅಮ್ಮ, ನಾನು, ನನ್ನ ಮಗಳು. ಮೇಲೆ ಒಂದು ಬೆಡ್‌ರೂಮಿನ ಮನೆ. ಅದರ ಮೇಲೆ ತಾರಸಿಯಲ್ಲಿ ಶೀಟ್ ಹೊದಿಸಿದ ಒಂದು ಕೋಣೆ. ಮನೆ ಖಾಲಿಯಾದಾಗ ಗೇಟಿಗೆ ನೇತುಹಾಕಲು ಒಂದು ಬೋರ್ಡ್ ಇಟ್ಟಿದ್ದೇವೆ. ಪ್ಲೈವುಡ್ ತುಂಡಿನ ಮೇಲೆ ಅಪ್ಪ ಕೈಯಾರೆ ಬರೆದದ್ದು: 'ಮನೆ ಬಾಡಿಗೆಗೆ ಇದೆ'. ಕೆಳಗೆ ಫೋನ್ ನಂಬರಿಗೆ ಜಾಗ ಬಿಟ್ಟಿದ್ದಾರೆ. ಅಪ್ಪ ಹೋದ ಮೇಲೆ ಅಲ್ಲಿ ಅಮ್ಮನ ನಂಬರ್ ಬರೆದ ಚೀಟಿ ಅಂಟಿಸುತ್ತೇವೆ.

ಎರಡು ವರ್ಷದ ಹಿಂದೆ, ಅವರೆಕಾಯಿ ಕಾಲ. ಮಧ್ಯಾಹ್ನ ಒಂದು ಫೋನ್ ಬಂತು. ಬಾಡಿಗೆಗೆ ಬರುವವರನ್ನು ಅಮ್ಮ ಫೋನಿನಲ್ಲೇ ಅರ್ಧ ಜರಡಿ ಹಿಡಿಯುತ್ತಾಳೆ. ಯಾವೂರು, ಎಲ್ಲಿ ಕೆಲಸ, ಎಷ್ಟು ಜನ ಇರ್ತೀರ. ಇಷ್ಟಾದ ಮೇಲೆ ದನಿ ಸ್ವಲ್ಪ ಇಳಿಸಿ ಕೊನೆಯ ಪ್ರಶ್ನೆ: "ನೀವೇನ್ ಜನ?" ಅವತ್ತು ಆ ಕೊನೆಯ ಪ್ರಶ್ನೆ ಬೇಕಾಗಲೇ ಇಲ್ಲ. ಹುಡುಗ ಯಲ್ಲಾಪುರದ ಕಡೆಯವನು ಅಂದ ಕೂಡಲೇ ಅಮ್ಮನ ಮುಖ ಅರಳಿತು. ಫೋನ್ ಇಟ್ಟು, "ಅಡಿಕೆ ತೋಟದ ಕಡೆಯೋರು ಕಣೇ. ಹವ್ಯಕರಿರ್ಬೇಕು. ಮಾತು ಎಷ್ಟು ಮೆತ್ತಗಿದೆ. ಮಾಂಸ ಗೀಂಸ ಏನೂ ಇರಲ್ಲ" ಅಂದಳು. ನಾವು ಭಾನುವಾರ ತಪ್ಪದೆ ಕೋಳಿ ಸಾರು ಮಾಡುವವರು. ಆದರೂ ಬಾಡಿಗೆಯವರು ತಿನ್ನದಿದ್ದರೆ ಅವಳಿಗೇನೋ ನೆಮ್ಮದಿ.

ಸಂಜೆ ಆತ ಬಂದ. ನಾನು, ಅಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬಹುದು. ಇಸ್ತ್ರಿ ಮಾಡಿದ ಅಂಗಿ. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಒಳಗೆ ಬಂದ. ಕಡು ಕಪ್ಪು ಬಣ್ಣ, ತಲೆಗೆ ಅಂಟಿಕೊಂಡ ಹಾಗಿರುವ ಗುಂಗುರು ಕೂದಲು. ಅಮ್ಮ ಅವನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ನಮಸ್ಕಾರ ಅಮ್ಮ. ಮಧ್ಯಾಹ್ನ ಫೋನ್ ಮಾಡಿದ್ದೆ ಅಲ್ವಾ, ನಾನೇ."

"ಓ. ಮನೆ ನಿನ್ನೇನೇ ಕೊಟ್ಬಿಟ್ವಲ್ಲಪ್ಪ."

ಮಧ್ಯಾಹ್ನ ಖಾಲಿ ಇದ್ದ ಮನೆ ನಿನ್ನೆಯೇ ಹೋಗಿಬಿಟ್ಟಿತ್ತು. ಅವನು ಒಂದು ಗಳಿಗೆ ಸುಮ್ಮನಿದ್ದ. ತಿರುಗಿ ಗೇಟಿನ ಕಡೆ ನೋಡಿದ. ಆಮೇಲೆ ಅಂದ: "ಹೌದಾ. ಹಾಗಾದ್ರೆ ಆ ಬೋರ್ಡ್ ತೆಗೆದುಬಿಡಿ ಅಮ್ಮ. ಸುಮ್ನೆ ಬಂದು ಬಂದು ಕೇಳ್ತಾರೆ, ನಿಮಗೂ ತೊಂದ್ರೆ."

ಕೊಂಕು ಇರಲಿಲ್ಲ ಮಾತಲ್ಲಿ. ಸಿಟ್ಟೂ ಇರಲಿಲ್ಲ. ಇಂಥ ಗೇಟುಗಳನ್ನು ಬೇಕಾದಷ್ಟು ನೋಡಿ ಅಭ್ಯಾಸವಾದವನ ಮಾತು ಅದು. ಚಪ್ಪಲಿ ಹಾಕಿಕೊಂಡ, ಗೇಟಿನ ಚಿಲಕ ಸದ್ದಾಗದ ಹಾಗೆ ಹಾಕಿ ಹೋದ. ನಾನು ಅಷ್ಟೂ ಹೊತ್ತು ಅವರೆಕಾಯಿ ಸುಲಿಯುತ್ತಲೇ ಇದ್ದೆ. ಅಮ್ಮ ಹೇಳಿದ್ದು ಸುಳ್ಳು ಅಂತ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಅವನು ತಿರುವು ದಾಟಿದ ಮೇಲೆ ನನ್ನ ಬಾಯಿ ತೆರೆಯಿತು. "ಅಮ್ಮ, ಅವನು ಸಿದ್ದಿ ಇರ್ಬೇಕು. ನಮ್ಮ ಕರ್ನಾಟಕದವನೇ."

"ಹಂಗಾ? ಮೊದ್ಲೇ ಹೇಳಬಾರದಿತ್ತಾ?" ಅಂದಳು. ನನಗೆ ಅಂದಳೋ ಅವನಿಗೆ ಅಂದಳೋ ತಿಳಿಯಲಿಲ್ಲ.

ಸಿದ್ದಿಗಳ ವಿಷಯ ಶಾಲೆಯಲ್ಲಿ ಒಂದು ಸಾಲು ಓದಿರುತ್ತೇವೆ, ಅಷ್ಟೇ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು, ಅವರ ಮಕ್ಕಳು ಮೊಮ್ಮಕ್ಕಳು ಇವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಎಷ್ಟೋ ತಲೆಮಾರಿನಿಂದ ಇದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. 1980ರ ದಶಕದಲ್ಲಿ ಇವರ ಮೈಕಟ್ಟು ನೋಡಿದ ಕ್ರೀಡಾ ಪ್ರಾಧಿಕಾರದವರಿಗೆ ಒಲಿಂಪಿಕ್ಸ್ ಪದಕ ನೆನಪಾಗಿ, ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಕರೆದುಕೊಂಡು ಹೋದರು. ಕೆಲವೇ ವರ್ಷದಲ್ಲಿ ಆ ಯೋಜನೆ ನಿಂತಿತು, ಮಕ್ಕಳು ಕಾಡಿಗೆ ವಾಪಸಾದರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಪೇಪರಿನಲ್ಲಿ ಫೋಟೋ ಬಂದಿತ್ತು. ಅದನ್ನು ನೋಡಿ 'ಒಳ್ಳೇದಾಯ್ತು' ಅಂದುಕೊಂಡವಳು ನಾನೇ.

ಆ ರಾತ್ರಿ ನಿದ್ದೆ ಬರಲಿಲ್ಲ. 'ಅಯ್ಯೋ, ನಮ್ಮವನನ್ನೇ ವಾಪಸ್ ಕಳಿಸಿಬಿಟ್ವಲ್ಲ' ಅಂತ ಹೊಟ್ಟೆಯೊಳಗೆ ಏನೋ ಕಿವುಚುತ್ತಿತ್ತು. ಮಗ್ಗುಲು ಬದಲಿಸುತ್ತಾ ಇರುವಾಗ ಬೇರೊಂದು ಯೋಚನೆ ಬಂತು. ಅವನು ಕಾಂಗೋದವನೋ ನೈಜೀರಿಯಾದವನೋ ಆಗಿದ್ದಿದ್ದರೆ? ಹಾಯಾಗಿ ನಿದ್ದೆ ಮಾಡಿರುತ್ತಿದ್ದೆ. ಮಾಡಿದ್ದೇನೆ ಕೂಡ. ನಮ್ಮ ಏರಿಯಾದಲ್ಲಿ, ಹೆಣ್ಣೂರು ಕಡೆ, ಕೊತ್ತನೂರು ಕಡೆ ಓದಲು ಬಂದ ಆಫ್ರಿಕಾದ ಹುಡುಗರು ಎಷ್ಟೋ ಜನ. ಬ್ರೋಕರ್ ಒಮ್ಮೆ ಕೇಳಿದ್ದಾಗ, "ಆಫ್ರಿಕಾದವರು ಬೇಡ ಅಣ್ಣ, ಗಲಾಟೆ" ಅಂತ ನಾನೇ ಹೇಳಿದ್ದೆ. ಯಾವ ಗಲಾಟೆ? ನಾನು ಒಂದನ್ನೂ ಕಂಡಿಲ್ಲ. ಇರಲಿ, ಅವತ್ತು ಅಮ್ಮ ಹೇಳಿದ ಸುಳ್ಳನ್ನು ನಾನು ಅದಕ್ಕೂ ಮುಂಚೆಯೇ ಬ್ರೋಕರ್ ಕೈಯಲ್ಲಿ ಹೇಳಿಸಿಯಾಗಿತ್ತು. ನನ್ನದರಲ್ಲಿ ಎದುರಿಗೆ ಮುಖ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಮೂಲ ಶಿರಾ ಹತ್ತಿರದ ಹಳ್ಳಿ. ಮನೆದೇವರು ಕರಿಯಮ್ಮ. ವರ್ಷಕ್ಕೊಮ್ಮೆ ಹೋಗಿ ಅಡ್ಡಬಿದ್ದು ಬರುತ್ತೇವೆ. ನನ್ನ ತಂಗಿಗೆ ಗಂಡು ಹುಡುಕುವಾಗ ಇದೇ ಅಮ್ಮ ಎಲ್ಲರಿಗೂ ಹೇಳುತ್ತಿದ್ದ ಮಾತು, "ಹುಡುಗಿ ಸ್ವಲ್ಪ ಕಪ್ಪು, ಆದ್ರೂ ಲಕ್ಷಣವಾಗಿದ್ದಾಳೆ." ಆ 'ಆದ್ರೂ' ತಂಗಿಗೆ ಈಗಲೂ ನೆನಪಿದೆ. ಕರಿಯಮ್ಮನಿಗೆ ಯಾರೂ 'ಆದ್ರೂ' ಅನ್ನಲ್ಲ.

ಅಪ್ಪ ಬೆಂಗಳೂರಿಗೆ ಬಂದದ್ದು 1974ರಲ್ಲಿ, ದೂರವಾಣಿನಗರದ ಐಟಿಐ ಕಾರ್ಖಾನೆಯ ಕೆಲಸಕ್ಕೆ. ಆಗ ಮನೆ ಹುಡುಕಿದ ಕಥೆಯನ್ನು ಅವರು ನಗುತ್ತಾ ಹೇಳುತ್ತಿದ್ದರು. 'ನೀವೇನ್ ಜನ' ಅನ್ನುವ ಪ್ರಶ್ನೆಗೆ ನಿಜ ಹೇಳಿ ನಾಲ್ಕು ವಠಾರದಿಂದ ವಾಪಸ್ ಬಂದರಂತೆ. ಕೇಳಿದವರೆಲ್ಲ ಕನ್ನಡದವರೇ, ಅಪ್ಪನ ಕನ್ನಡದಲ್ಲೂ ಯಾವ ಕೊರತೆಯೂ ಇರಲಿಲ್ಲ. ಕೊನೆಗೆ ಮನೆ ಕೊಟ್ಟದ್ದು ಲಿಂಗರಾಜಪುರದ ಒಬ್ಬ ತಮಿಳು ಕ್ರೈಸ್ತ ಹೆಂಗಸು. ಆಯಮ್ಮ ಕೇಳಿದ್ದು ಎರಡೇ: ತಿಂಗಳ ಮೊದಲ ವಾರ ಬಾಡಿಗೆ ಕೊಡ್ತೀಯಾ, ಕುಡೀತೀಯಾ.

ವಿದೇಶದವರನ್ನು ಕಂಡರೆ ನಾವು ಆಡುವ ಆಟ ಎಲ್ಲಿಂದ ಬಂತು ಅಂತ ದೊಡ್ಡವರು ಏನೇನೋ ಬರೆಯುತ್ತಾರೆ. ಬಿಳಿಯರ ಆಳ್ವಿಕೆ, ಸಿನಿಮಾ, ಫೇರ್‌ನೆಸ್ ಕ್ರೀಮು. ಎಲ್ಲ ಇರಬಹುದು. ನನಗೆ ಕಾಣುವುದು ಮಾತ್ರ ಆ ವಠಾರದ ಬಾಗಿಲು. ನಮ್ಮ ನಮ್ಮಲ್ಲೇ ಜರಡಿ ಹಿಡಿದು ಕೈ ಪಳಗಿಸಿಕೊಂಡವರು ನಾವು. ಹೊರಗಿನವರು ಬಂದಾಗ ಜರಡಿ ತರೋಕೆ ಅಂಗಡಿಗೆ ಹೋಗಬೇಕಾಗಲಿಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಜಾತಿ ಧರ್ಮ ನೋಡಿ ಯಾರನ್ನೂ ತಡೆಯಬಾರದು ಅನ್ನುವ ಜಾಗಗಳ ಹೆಸರು ಬರುತ್ತದೆ: ಅಂಗಡಿ, ಹೋಟೆಲ್ಲು, ಬಾವಿ, ಕೆರೆ, ರಸ್ತೆ. ಬಾಡಿಗೆ ಮನೆ ಆ ಸಾಲಿನಲ್ಲಿಲ್ಲ. ಹಾಗಾಗಿ 'ಓನ್ಲಿ ವೆಜಿಟೇರಿಯನ್ಸ್' ಅಂತ ಬರೆದವರು ಧೈರ್ಯವಾಗಿ ಬರೆದು ತೂಗುಹಾಕುತ್ತಾರೆ. ಅದರ ಅರ್ಥ ತರಕಾರಿಗೆ ಸಂಬಂಧಪಟ್ಟದ್ದಲ್ಲ ಅಂತ ಬೀದಿಗೆಲ್ಲ ಗೊತ್ತು.

ಆ ತಮಿಳು ಆಯಮ್ಮನ ವಿಷಯ ಇನ್ನೊಂದಿದೆ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಮಧ್ಯಂತರ ತೀರ್ಪು ಗೆಜೆಟ್‌ನಲ್ಲಿ ಬಂದು ಊರು ಹೊತ್ತಿ ಉರಿಯಿತಲ್ಲ, ಆಗ ನನಗೆ ಒಂಬತ್ತು ವರ್ಷ. ನಾವು ಆಗಲೇ ಸ್ವಂತ ಮನೆಗೆ ಬಂದಿದ್ದೆವು. ಅಪ್ಪ ಸೈಕಲ್ ತೆಗೆದುಕೊಂಡು ಹೋಗಿ ಆಯಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದರು. ಎರಡು ರಾತ್ರಿ ನಮ್ಮ ಮನೆಯಲ್ಲಿದ್ದರು. ಬರುವಾಗ ಬಾಗಿಲ ಮೇಲಿದ್ದ ತಮಿಳು ಹೆಸರಿನ ಹಲಗೆಯನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದು ನೆನಪಿದೆ. ಹಲಸೂರಿನ ತಿರುವಳ್ಳುವರ್ ಪ್ರತಿಮೆ ಕೂಡ ಅದೇ 1991ರಿಂದ ಬಟ್ಟೆ ಸುತ್ತಿಕೊಂಡು ನಿಂತಿತ್ತು. ಹದಿನೆಂಟು ವರ್ಷ. ಚೆನ್ನೈಯಲ್ಲಿ ಸರ್ವಜ್ಞನನ್ನು ನಿಲ್ಲಿಸುವ ಮಾತಾದ ಮೇಲೆಯೇ, 2009ರ ಆಗಸ್ಟ್‌ನಲ್ಲಿ, ಇಲ್ಲಿ ಇವನ ಮುಸುಕು ತೆಗೆದರು. ಕವಿಗಳಿಬ್ಬರನ್ನು ಒತ್ತೆಯಾಳು ಬದಲಾಯಿಸಿಕೊಂಡ ಹಾಗೆ.

ತಾರಸಿಯ ಶೀಟ್ ಕೋಣೆಯ ಮಾತಿಗೆ ಬರುತ್ತೇನೆ. ಬೇಸಿಗೆಯಲ್ಲಿ ಅಲ್ಲಿ ಹಪ್ಪಳ ಸುಡಬಹುದು, ಅಂಥ ಕೋಣೆ. ಅಲ್ಲಿಗೆ ಬರುವವರಿಗೆ ಅಮ್ಮ ಯಾವತ್ತೂ 'ನೀವೇನ್ ಜನ' ಅಂತ ಕೇಳಿಲ್ಲ. ಅದನ್ನು ಅವಳ ಒಳ್ಳೇತನ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, 'ನಮ್ಮ ಜನ' ಯಾರೂ ಆ ಕೋಣೆಗೆ ಬರುತ್ತಿರಲಿಲ್ಲ. ಆರಿಸುವ ಪ್ರಶ್ನೆಯೇ ಇರಲಿಲ್ಲ.

2012ರಲ್ಲಿ ಅಲ್ಲಿ ಅಸ್ಸಾಮಿನ ಇಬ್ಬರು ಹುಡುಗರಿದ್ದರು. ಒಬ್ಬ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ, ಇನ್ನೊಬ್ಬ ಹೋಟೆಲ್ಲಿನಲ್ಲಿ. ಆ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆ ನೆಪ ಇಟ್ಟುಕೊಂಡು ಇಲ್ಲಿರುವ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅಂತ ಮೆಸೇಜುಗಳು ಹರಿದಾಡಿದವು. ಸ್ವಾತಂತ್ರ್ಯ ದಿನದ ಆಸುಪಾಸು. ನೋಡನೋಡುತ್ತಿದ್ದಂತೆ ಸಿಟಿ ರೈಲ್ವೆ ಸ್ಟೇಷನ್ ತುಂಬಿಹೋಯಿತು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದಂತೆ ಕಡಿವಾಣ ಹಾಕಿತು. ವದಂತಿಗೆ ಆಗಲೇ ರೈಲು ಸಿಕ್ಕಿತ್ತು.

ನಮ್ಮ ಹುಡುಗರು ರಾತ್ರಿ ಹತ್ತು ಗಂಟೆಗೆ ಕೆಳಗಿಳಿದು ಬಂದರು. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಬೀಗದ ಕೈ. "ಆಂಟಿ, ಸ್ಟವ್ ರಖ್ ಲೀಜಿಯೇ" ಅಂದ ಸೆಕ್ಯೂರಿಟಿ ಹುಡುಗ. ಅಮ್ಮನಿಗೆ ಹಿಂದಿ ಬರಲ್ಲ, ಆದರೆ ಅರ್ಥವಾಯಿತು. "ಯಾಕ್ರೋ ಹೋಗ್ತೀರ, ಇಲ್ಲಿ ಯಾರ್ ಏನ್ ಮಾಡ್ತಾರೆ, ನಾನಿಲ್ವಾ" ಅಂತ ಕನ್ನಡದಲ್ಲೇ ಬೈದಳು. ಬೈಯುತ್ತಲೇ ಒಳಗೆ ಹೋಗಿ ಅನ್ನಕ್ಕೆ ಒಗ್ಗರಣೆ ಹಾಕಿದಳು. ಚಿತ್ರಾನ್ನವನ್ನು ಬಾಳೆಎಲೆಯಲ್ಲಿ ಕಟ್ಟಿ, ಪೇಪರ್ ಸುತ್ತಿ, ಮೇಲೆ ಒಂದು ಬಾಟಲಿ ನೀರು. ಮೂರು ದಿನದ ಪ್ರಯಾಣಕ್ಕೆ ಅದು ಎಲ್ಲಿ ಸಾಕು? ಆ ಎರಡು ಬರ್ನರ್ ಸ್ಟವ್ ನಮ್ಮ ಮೆಟ್ಟಿಲ ಕೆಳಗೆ ನಾಲ್ಕು ತಿಂಗಳು ಇತ್ತು. ಅಮ್ಮ ವಾರಕ್ಕೊಮ್ಮೆ ಒರೆಸುತ್ತಿದ್ದಳು. ಹೋಟೆಲ್ ಹುಡುಗ ಡಿಸೆಂಬರ್‌ನಲ್ಲಿ ವಾಪಸ್ ಬಂದ. ಇನ್ನೊಬ್ಬ ಬರಲೇ ಇಲ್ಲ.

ಅದೇ ಅಮ್ಮ. ಬೋರ್ಡಿನ ಸಂಜೆಯ ಅಮ್ಮನೂ ಇವಳೇ. ಇಬ್ಬರನ್ನೂ ಒಂದೇ ಸೀರೆಯಲ್ಲಿ ನೋಡಿದವಳು ನಾನು. ಅದಕ್ಕೇ 'ಜನ ಕೆಟ್ಟವರು' ಅಂತ ಯಾರಾದರೂ ಸಲೀಸಾಗಿ ಬರೆದಾಗ ಓದೋಕೆ ಆಗಲ್ಲ, 'ಬೆಂಗಳೂರಿನವರು ತುಂಬಾ ಒಳ್ಳೆಯವರು' ಅಂದಾಗಲೂ ಅಷ್ಟೇ.

ಈಗ ಕನ್ನಡದ ಮಾತು. ಇದನ್ನು ಬಿಟ್ಟು ಬೆಂಗಳೂರಲ್ಲಿ ಈ ವಿಷಯ ಮಾತಾಡಿದರೆ ಅದು ಪೂರ್ತಿ ಆಗಲ್ಲ. 2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ರಾಜಧಾನಿಯಲ್ಲೇ ಹೀಗಾದರೆ ಕಸಿವಿಸಿ ಆಗುವುದು ಸಹಜ. ನನಗೂ ಆಗುತ್ತದೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಇರಲಿ ಅನ್ನುವವಳೇ ನಾನು, ಅದಕ್ಕೆ ಯಾರ ಹತ್ತಿರವೂ ಸಂಕೋಚ ಪಡಲ್ಲ.

ಅಪ್ಪ ತೀರಿಕೊಂಡ ಮೇಲೆ ಪೆನ್ಷನ್ ಕಾಗದಕ್ಕೆ ಅಮ್ಮ ಒಂದು ಬ್ಯಾಂಕಿಗೆ ಹೋದಳು. ಕೌಂಟರಿನಲ್ಲಿದ್ದವನಿಗೆ ಕನ್ನಡ ಬರಲ್ಲ. ಕಲಿಯುವ ಮನಸ್ಸೂ ಇಲ್ಲ. ಅಮ್ಮ ಹೇಳಿದ್ದು ಅವನಿಗೆ ತಿಳಿಯದೆ, ಅವನು ಹೇಳಿದ್ದು ಇವಳಿಗೆ ತಿಳಿಯದೆ, ಫಾರಂ ಮೂರು ಸಲ ವಾಪಸ್. ಹಿಂದೆ ನಿಂತವರು ನಿಟ್ಟುಸಿರು ಬಿಟ್ಟರಂತೆ. ತನ್ನ ಊರಿನಲ್ಲಿ, ತನ್ನ ಗಂಡನ ದುಡ್ಡಿಗೆ, ದಡ್ಡಿಯ ಹಾಗೆ ನಿಲ್ಲಬೇಕಾಯಿತು. ಇದು ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮ್ಮ ಬ್ಯಾಂಕಿನಲ್ಲಿ ತುಟಿ ಪಿಟಕ್ ಅನ್ನಲಿಲ್ಲ. ಅಲ್ಲಿಂದ ಬರುವ ದಾರಿಯಲ್ಲಿ, ನಮ್ಮ ಬೀದಿ ಮೂಲೆಯ ಪಾನಿಪುರಿ ಗಾಡಿಯ ಬಿಹಾರದ ಹುಡುಗ 'ಆಂಟಿ, ಸೈಡ್' ಅಂತ ಹಿಂದಿಯಲ್ಲಿ ಏನೋ ಅಂದನಂತೆ. ಅವನ ಗ್ರಹಚಾರ. "ನಮ್ಮೂರಿಗೆ ಬಂದು, ನಮ್ಮನ್ನೇ ಸೈಡಿಗೆ ಹೋಗು ಅಂತೀಯಾ, ಕನ್ನಡ ಮಾತಾಡೋ ಮೊದ್ಲು" ಅಂತ ಬೀದಿಗೆಲ್ಲ ಕೇಳುವ ಹಾಗೆ ಬೈದಳು. ಆ ಹುಡುಗ ಗಾಡಿ ಪಕ್ಕಕ್ಕೆ ಸರಿಸಿ, ಗೊತ್ತಿದ್ದ ಎರಡು ಕನ್ನಡ ಪದದಲ್ಲಿ, "ಬೇಡ ಆಂಟಿ, ಬೇಡ ಆಂಟಿ" ಅಂದ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಅದು. ಕನ್ನಡ ಬರದೆ ನಮ್ಮ ಕೆಲಸ ಕೆಡಿಸುವವನು ಗಾಜಿನ ಹಿಂದೆ ಎಸಿಯಲ್ಲಿ ಕೂತಿರುತ್ತಾನೆ. ನಾಲ್ಕು ದಿನಕ್ಕೆ ಕನ್ನಡ ಕಲಿಯದಿದ್ದರೆ ಹೊಟ್ಟೆಪಾಡು ನಡೆಯದವನು ಬೀದಿಯಲ್ಲಿ ನಿಂತಿರುತ್ತಾನೆ. ನಮ್ಮ ಏಟು ಬೀಳುವುದು ಬೀದಿಯವನಿಗೆ. ಮುಂಬೈಯಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ 'ಲುಂಗಿ ಹಟಾವ್' ಅಂತ ಕೂಗಿದವರ ಕಲ್ಲುಗಳೂ ಬಿದ್ದದ್ದು ಉಡುಪಿ ಹೋಟೆಲುಗಳ ಮೇಲೆ. ಅಲ್ಲಿ ಲೋಟ ತೊಳೆಯುತ್ತಿದ್ದವರು ನಮ್ಮ ಕರಾವಳಿಯ ಹುಡುಗರು. ಅವರೂ ಆಗ ಬೇರೆಯವರ ಕೊತ್ತಿ.

ಕೊತ್ತಿಗೆ ಹೊಡೆಯುವುದು ಇಷ್ಟಕ್ಕೇ ನಿಂತರೆ ಸರಿ, ನಿಲ್ಲುವುದಿಲ್ಲ. 2016ರ ಜನವರಿ ಕೊನೆಯ ದಿನ ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ತಾಂಜಾನಿಯಾದ ಹುಡುಗಿಯೊಬ್ಬಳು ಸ್ನೇಹಿತರ ಜೊತೆ ಬೇರೆ ಕಾರಿನಲ್ಲಿ ಬಂದಳು. ಬೇರೆ ದೇಶ, ಬೇರೆ ಕಾರು, ಆ ಅಪಘಾತದ ಸುದ್ದಿಯೇ ಗೊತ್ತಿಲ್ಲ. ಜನ ಎಳೆದು ಹೊಡೆದರು, ಬಟ್ಟೆ ಹರಿದರು, ಕಾರಿಗೆ ಬೆಂಕಿ ಇಟ್ಟರು. ಇದು ಜನಾಂಗೀಯ ದಾಳಿ ಅಲ್ಲ, ಅಪಘಾತದ ಸಿಟ್ಟು ಅಂತ ಆಗಿನ ಗೃಹ ಸಚಿವರು ಅಂದರು. ಮಂಡ್ಯದವನ ಕಾರು ಹರಿದಿದ್ದರೆ, ಅರ್ಧ ಗಂಟೆ ಬಿಟ್ಟು ಬಂದ ಹಾಸನದವಳಿಗೆ ಯಾರಾದರೂ ಹೊಡೆಯುತ್ತಿದ್ದರಾ?

2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಬಾಂಗ್ಲಾದೇಶದವರು ಇದ್ದಾರೆ ಅಂತ ಕೂಲಿಯವರ ಶೆಡ್‌ಗಳನ್ನು ಜೆಸಿಬಿ ತಂದು ಕೆಡವಿದರು. ಊರಿನ ಹೆಸರು ಕರಿಯಮ್ಮನ ಅಗ್ರಹಾರ. ನಮ್ಮ ಮನೆದೇವರ ಹೆಸರೇ, ನೋಡಿ. ಅಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದಿಂದ ಗುಳೆ ಬಂದ ಸಂಸಾರಗಳೂ ಇದ್ದವು. ಆಧಾರ್ ಕಾರ್ಡ್, ವೋಟರ್ ಕಾರ್ಡ್ ಹಿಡಿದುಕೊಂಡು ಟಾರ್ಪಾಲಿನ ರಾಶಿ ಮುಂದೆ ನಿಂತಿದ್ದರು. ಹೈಕೋರ್ಟ್ ಆಮೇಲೆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಸುದ್ದಿ ಓದಿದ ನನ್ನ ಆಫೀಸಿನವರೆಲ್ಲ, "ಛೇ, ಕನ್ನಡಿಗರ ಮನೇನೇ ಕೆಡವಿದ್ದಾರಲ್ಲ" ಅಂದರು. ಆ ರಾತ್ರಿ ಹಾಸಿಗೆಯಲ್ಲಿ ನನ್ನ ಹೊಟ್ಟೆ ಕಿವುಚಿದ ಮಾತೂ ಇದೇ ಅಲ್ವಾ. ತ್ರಿಪುರಾದವನ ಪಾತ್ರೆಯೂ ಅದೇ ಮಣ್ಣಲ್ಲಿ ಬಿದ್ದಿತ್ತು.

ಕನ್ನಡದಲ್ಲಿ 'ಪರದೇಶಿ' ಅಂದರೆ ಹೊರದೇಶದವನು ಅನ್ನುವುದಕ್ಕಿಂತ, ದಿಕ್ಕಿಲ್ಲದವನು ಅಂತಲೇ ಜಾಸ್ತಿ ಬಳಕೆ. "ತಂದೆತಾಯಿ ಇಲ್ಲದ ಪರದೇಶಿ ಮಗು" ಅನ್ನುತ್ತೇವೆ. ಆ ಪದ ಹುಟ್ಟಿಸಿದವರಿಗೆ ಊರು ಬಿಟ್ಟು ಬಂದವನ ಸ್ಥಿತಿ ಚೆನ್ನಾಗಿ ಗೊತ್ತಿತ್ತು. ಬೈಯುವಾಗಲೂ ನಾವು ಅದೇ ಪದ ಬಳಸುತ್ತೇವೆ, ಅದು ಬೇರೆ ಮಾತು.

ಯಲ್ಲಾಪುರದ ಹುಡುಗನಿಗೆ ಒಂದು ವಾರ ಬಿಟ್ಟು ಫೋನ್ ಮಾಡಿದೆ. ಅಮ್ಮನ ಮೊಬೈಲಿನಲ್ಲಿ ನಂಬರು 'ಯಲ್ಲಾಪುರ ಮನೆಗೆ' ಅಂತ ಸೇವ್ ಆಗಿತ್ತು. ಮನೆ ಇನ್ನೂ ಖಾಲಿ ಇದೆ ಅನ್ನೋಣ, ತಪ್ಪಾಯಿತು ಅನ್ನೋಣ ಅಂತ ಮನಸ್ಸಲ್ಲೇ ನಾಲ್ಕು ಸಲ ಹೇಳಿಕೊಂಡಿದ್ದೆ. ಯಾರು ಅಂತ ಹೇಳಿದ ಕೂಡಲೇ, "ಹಾ, ಕಮ್ಮನಹಳ್ಳಿ. ಹೇಳಿ ಅಕ್ಕ. ನನಗೆ ಹೊರಮಾವಿನಲ್ಲಿ ಮನೆ ಸಿಕ್ತು. ನಿಮ್ಮದು ಊಟ ಆಯ್ತಾ?" ಅಂದ. "ಆಯ್ತು" ಅಂದೆ. ಆಗಿರಲಿಲ್ಲ. ಬೇರೇನೂ ಹೇಳಲಿಕ್ಕೆ ಬಾಯಿ ಬರಲಿಲ್ಲ. ಇಟ್ಟೆ.

ಮನೆ ಎರಡು ತಿಂಗಳು ಖಾಲಿ ಬಿದ್ದಿತ್ತು. ಆಮೇಲೆ ಮಣಿಪುರದ ಇಬ್ಬರು ನರ್ಸುಗಳು ಬಂದರು. ಅಮ್ಮ ಮಾಮೂಲಿಗಿಂತ ಸಾವಿರ ರೂಪಾಯಿ ಜಾಸ್ತಿ ಹೇಳಿದಳು. ಅವರು ಚೌಕಾಸಿ ಮಾಡಲಿಲ್ಲ, ಎಲ್ಲ ಕಡೆಯೂ ಅವರಿಗೆ ಹೀಗೇ ಹೇಳುತ್ತಾರಂತೆ. ಈ ಸಲ ನಾನು ಅವರ ಎದುರಿಗೇ, "ಅಮ್ಮ, ಹಿಂದಿನವರು ಎಷ್ಟು ಕೊಡ್ತಿದ್ರು?" ಅಂತ ಕೇಳಿದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಬಾಡಿಗೆ ಮಾತ್ರ ಹಳೆಯದೇ ಆಯಿತು. ಹುಳಿ ಬರಿಸಿದ ಬಿದಿರಿನ ವಾಸನೆ ಅಂತ ಶುರುವಿನಲ್ಲಿ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಳು. ಎದುರು ಮನೆಯ ತೀರ್ಥಹಳ್ಳಿ ಅಜ್ಜಿ ಒಂದು ದಿನ ಗೇಟಿನ ಹತ್ತಿರ ನಿಂತು, "ಇದು ಕಳಲೆ ಅಲ್ವಾ? ಯಾರು ಮಾಡಿದ್ದು?" ಅಂತ ಬಾಯಲ್ಲಿ ನೀರೂರಿಸಿಕೊಂಡು ಕೇಳಿದ ಮೇಲೆ ವಾಸನೆಯ ಮಾತು ನಿಂತಿತು. ಅಮ್ಮನ ಮಂಡಿ ನೋವಿಗೆ ಮಾತ್ರೆ ಯಾವುದು ಎಷ್ಟು ಹೊತ್ತಿಗೆ ಅಂತ ಈಗ ಅವರೇ ಹೇಳಬೇಕು.

ಮುಂದಿನ ತಿಂಗಳು ಅವರು ಖಾಲಿ ಮಾಡುತ್ತಿದ್ದಾರೆ. ಒಬ್ಬಳಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆ. ಮೊನ್ನೆ ಭಾನುವಾರ ಅಮ್ಮ ಸಂಪಿನ ಮೋಟರ್ ಹಿಂದಿನಿಂದ ಬೋರ್ಡ್ ತೆಗೆದು ಒರೆಸಿ ಕೊಟ್ಟಳು. ಅಪ್ಪನ ಅಕ್ಷರ ಸ್ವಲ್ಪ ಮಾಸಿದೆ. ಹಳೆಯ ಚೀಟಿ ಒದ್ದೆಯಾಗಿ ಕಿತ್ತುಬಂದಿತ್ತು. ಪೆನ್ನು ಹಿಡಿದುಕೊಂಡು ನಂಬರ್ ಬರೆಯಲು ಕೂತೆ.

"ನಂದು ಬೇಡ. ನಿಂದೇ ಬರಿ" ಅಂದಳು.